ಗಾಯಗೊಂಡ ಮೀನಿನ ಆರೈಕೆಯಲ್ಲಿ ಜೊತೆಯ ಮೀನನ್ನು ಮರೆಯಬಾರದು

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮನೆಯೊಳಗಿನ ಅಕ್ವೇರಿಯಂ ಅಲಂಕಾರವನ್ನು ಕುರಿತು ಪ್ರಕಟವಾದ ಬರಹವನ್ನು ಓದಿದೆ. ತೊಟ್ಟಿಯನ್ನು ಯಾವ ಮೂಲೆಯಲ್ಲಿ ಇಡಬೇಕು, ಯಾವ ಬಣ್ಣದ ದೀಪ ಹಾಕಬೇಕು, ತಳಕ್ಕೆ ಯಾವ ಕಲ್ಲು ಹರಡಿದರೆ ಚೆಂದ ಎಂಬುದೆಲ್ಲ ಅದರಲ್ಲಿ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಆ ಗಾಜಿನೊಳಗಿನ ಜೀವಕ್ಕೆ ಏಟಾದರೆ ಮನೆಯವರು ಏನು ಮಾಡಬೇಕು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ಕೊರತೆಯನ್ನು ಎತ್ತಿ ಹೇಳಲು ನನಗೆ ಕಾರಣವಿದೆ. ಕಳೆದ ಶಿವರಾತ್ರಿಯ ಆಸುಪಾಸಿನಲ್ಲಿ, ಗಾಯಗೊಂಡ ಒಂದು ಮೀನನ್ನು ಉಳಿಸಲು ಹೋಗಿ, ಗಾಯವೇ ಇಲ್ಲದ ಇನ್ನೊಂದನ್ನು ಸಾವಿನ ಬಾಗಿಲಿನವರೆಗೆ ಕಳುಹಿಸಿದವನು ನಾನು.

ನಮ್ಮ ಮನೆಯ ತೊಟ್ಟಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದು. ತಳದ ಮರಳು ಮತ್ತು ಮೇಲೆ ಬಿಟ್ಟ ಜಾಗವನ್ನು ಕಳೆದರೆ ಅದರಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಮೊಮ್ಮಗಳ ಹಟಕ್ಕೆ ಎರಡು ವರ್ಷಗಳ ಹಿಂದೆ ಎರಡು ಗೋಲ್ಡ್‌ಫಿಶ್‌ಗಳನ್ನು ತಂದಿದ್ದೆವು. ಒಂದು ಮೈಯೆಲ್ಲ ಬಿಳುಪಾಗಿದ್ದು ನೆತ್ತಿಯ ಮೇಲೆ ಮಾತ್ರ ಕೆಂಪು ಗಡ್ಡೆಯಿರುವ ಒರಾಂಡ ಜಾತಿಯದು. ಅದಕ್ಕೆ ಅವಳು ‘ಕುಂಕುಮ’ ಎಂದು ಹೆಸರಿಟ್ಟಳು. ಇನ್ನೊಂದು ಕಂದು ಹಳದಿಯ ಸಾಧಾರಣ ಮೀನು, ಅದು ‘ಬೆಲ್ಲ’. ಎರಡು ಗೋಲ್ಡ್‌ಫಿಶ್‌ಗಳಿಗೆ ಈ ತೊಟ್ಟಿ ಚಿಕ್ಕದು ಎಂಬುದನ್ನು ನಾನು ತಡವಾಗಿ ತಿಳಿದೆ. ಇವು ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುವ, ಅಂಗೈಯಗಲಕ್ಕೆ ಬೆಳೆಯುವ, ತಮ್ಮ ಗಾತ್ರಕ್ಕೆ ಮೀರಿ ನೀರನ್ನು ಕೊಳೆ ಮಾಡುವ ಮೀನುಗಳು. ಮಾರುವಾಗ ಎರಡು ಇಂಚಿನ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಅಂಗಡಿಯವರು ಇದನ್ನು ಹೇಳುವುದಿಲ್ಲ; ಕೊಳ್ಳುವ ನಾವೂ ಕೇಳುವುದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರಲ್ಲ, ಅದೇ ವಾರದ ಒಂದು ಬೆಳಿಗ್ಗೆ ಹಾಲು ತರಲು ಎದ್ದವನು ಕೋಣೆಯ ದೀಪ ಹಾಕಿದಾಗ ಕುಂಕುಮ ತೊಟ್ಟಿಯ ಮೂಲೆಯಲ್ಲಿ ಅಲುಗಾಡದೆ ನಿಂತಿತ್ತು. ಬೆನ್ನಿನ ರೆಕ್ಕೆ ಮಡಿಚಿಕೊಂಡಿತ್ತು. ಬಲಮಗ್ಗುಲಲ್ಲಿ ನಾಲ್ಕೈದು ಹುರುಪೆಗಳು ಕಿತ್ತುಹೋಗಿ, ಹುಣಸೆಬೀಜದಷ್ಟು ಜಾಗದಲ್ಲಿ ಕೆಂಪು ಮಾಂಸ ಕಾಣುತ್ತಿತ್ತು. ಬಾಲದ ಅಂಚು ಸೀಳಿ ಎರಡು ಎಳೆಯಾಗಿ ತೇಲುತ್ತಿತ್ತು. ಬೆಲ್ಲ ಅದರ ಹಿಂದೆಯೇ ಸುತ್ತುತ್ತಾ ಹೊಟ್ಟೆಯ ಕೆಳಗೆ ಮೂತಿಯಿಂದ ತಿವಿಯುತ್ತಿತ್ತು. ಕುಂಕುಮ ಒಂದು ಗೇಣು ಸರಿದರೆ ಅದೂ ಒಂದು ಗೇಣು ಸರಿಯುತ್ತಿತ್ತು. ಕನ್ನಡಕ ಹಾಕಿಕೊಂಡು ನೋಡಿದರೆ ಬೆಲ್ಲನ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಗಳ ಮುಂದಿನ ಅಂಚಿನಲ್ಲಿ ರವೆಯ ಕಾಳಿನಂಥ ಬಿಳಿ ಚುಕ್ಕೆಗಳಿದ್ದವು. ಒಂದಕ್ಕೆ ಗಾಯ, ಇನ್ನೊಂದಕ್ಕೆ ರೋಗ ಎಂದು ನಾನು ಅಲ್ಲಿಯೇ ತೀರ್ಮಾನಿಸಿದೆ.

ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಮೀನಿನ ಅಂಗಡಿಗೆ ಹೋದೆ. ಅಂಗಡಿಯವರು ಚಿತ್ರವನ್ನು ಅರೆಕ್ಷಣ ನೋಡಿ, ಬಿಳಿ ಚುಕ್ಕೆ ರೋಗವೆಂದೂ, ಅದರಿಂದಲೇ ಮೀನು ಕಲ್ಲಿಗೆ ಮೈ ಉಜ್ಜಿಕೊಂಡು ಗಾಯ ಮಾಡಿಕೊಂಡಿದೆಯೆಂದೂ ಹೇಳಿ, ನೀಲಿ ಬಣ್ಣದ ಔಷಧದ ಒಂದು ಬಾಟಲಿಯನ್ನೂ ಟೆಟ್ರಾಸೈಕ್ಲಿನ್ ಎಂಬ ಪ್ರತಿಜೈವಿಕದ, ಅಂದರೆ ಆಂಟಿಬಯೋಟಿಕ್‌ನ, ಕ್ಯಾಪ್ಸೂಲುಗಳ ಒಂದು ಪಟ್ಟಿಯನ್ನೂ ಕೊಟ್ಟರು. ಮನುಷ್ಯರಿಗಾದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ ಅದು. ಮೀನಿನ ಹೆಸರಿನಲ್ಲಿ ಕೊಳ್ಳುವಾಗ ಅವರೂ ಚೀಟಿ ಕೇಳಲಿಲ್ಲ, ನನಗೂ ವಿಚಿತ್ರ ಅನಿಸಲಿಲ್ಲ. ಮನೆಗೆ ಬಂದು ಎರಡನ್ನೂ ತೊಟ್ಟಿಗೆ ಸುರಿದೆ. ಒಂದು ಮೀನಿಗಾಗಲಿ, ಎರಡಕ್ಕಾಗಲಿ, ನೀರು ಒಂದೇ ತಾನೆ ಎಂಬ ಲೆಕ್ಕ ನನ್ನದು.

ಮೂರನೆಯ ದಿನಕ್ಕೆ ನೀರು ನೀಲಿಯೂ ಅಲ್ಲದ ಕಂದೂ ಅಲ್ಲದ ಬಣ್ಣಕ್ಕೆ ತಿರುಗಿ, ಮೇಲೆ ಬೇಳೆ ಬೇಯುವಾಗ ಬರುವಂಥ ನೊರೆ ಕಟ್ಟಿತು. ಕುಂಕುಮ ಇದ್ದಲ್ಲಿಯೇ ಇತ್ತು. ಬೆಲ್ಲ ಮಾತ್ರ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಅದರ ಬಾಲದ ನರಗಳು ಕೆಂಪಾಗಿದ್ದವು. ಗಾಯಗೊಂಡದ್ದನ್ನು ನೋಡುತ್ತಾ ಕುಳಿತ ನಮಗೆ ಆರೋಗ್ಯವಾಗಿದ್ದದ್ದು ಕೈತಪ್ಪುತ್ತಿರುವುದು ಕಂಡದ್ದು ಆಗಲೇ.

ನಮ್ಮ ಊರಿನ ಪಶು ಆಸ್ಪತ್ರೆಯೊಂದಕ್ಕೆ ಹೋದೆ. ಅಲ್ಲಿದ್ದ ವೈದ್ಯರು ಸೌಜನ್ಯವಂತರು. “ದನ, ಎಮ್ಮೆ, ನಾಯಿ, ಕೋಳಿ ಎಲ್ಲಾ ಬರ್ತಾವೆ ಮೇಷ್ಟ್ರೇ, ಮೀನು ಬಂದದ್ದು ಇದೇ ಮೊದಲು” ಎಂದು ಪ್ರಾಮಾಣಿಕವಾಗಿ ಹೇಳಿ, ಮೀನುಗಾರಿಕೆ ಓದಿದವರನ್ನು ಕೇಳುವಂತೆ ಸೂಚಿಸಿದರು. ಅದೃಷ್ಟಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವರು. 1969ರಲ್ಲಿ ಆರಂಭವಾದ ಆ ಕಾಲೇಜು ದೇಶದಲ್ಲಿಯೇ ಈ ವಿಷಯದ ಮೊದಲನೆಯದು ಎಂಬುದು ನಮ್ಮ ರಾಜ್ಯದ ಬಹಳ ಜನಕ್ಕೆ ಗೊತ್ತಿರಲಾರದು. ಅವರಿಗೆ ಫೋನು ಮಾಡಿ ಗಾಯದ ಉದ್ದಗಲ, ಔಷಧದ ಹೆಸರು ಎಲ್ಲವನ್ನೂ ವಿವರಿಸಿದೆ. ಅವರು ಎಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಸರ್, ನೀರು ಪರೀಕ್ಷೆ ಮಾಡಿದ್ರಾ?”

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಸಾರಜನಕದ ಚಕ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಅದೇ ಚಕ್ರ ನನ್ನ ಮನೆಯ ತೊಟ್ಟಿಯಲ್ಲಿ, ಫಿಲ್ಟರಿನ ಕೊಳೆಯಾದ ಸ್ಪಂಜಿನೊಳಗೆ ತಿರುಗುತ್ತಿತ್ತು ಎಂಬುದು ಹೊಳೆಯಲಿಲ್ಲವೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಮೀನು ತನ್ನ ದೇಹದ ಅಮೋನಿಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತದೆ; ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತು ಇನ್ನಷ್ಟು ಸೇರುತ್ತದೆ. ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಸುರಿದ ನೀಲಿ ಔಷಧ ಮತ್ತು ಪ್ರತಿಜೈವಿಕ ಎರಡೂ ಸೇರಿ ಎರಡು ವರ್ಷ ನೆಲೆಯೂರಿದ್ದವುಗಳನ್ನು ಎರಡೇ ದಿನದಲ್ಲಿ ತೆಗೆದುಹಾಕಿದ್ದವು. ಬೆಲ್ಲ ಏದುಸಿರು ಬಿಡುತ್ತಿದ್ದದ್ದು ರೋಗದಿಂದಲ್ಲ, ತನ್ನದೇ ಅಮೋನಿಯದಿಂದ. ಅದು ಓಡಾಡಿಕೊಂಡಿತ್ತು, ತಿನ್ನುತ್ತಿತ್ತು. ಆದ್ದರಿಂದ ಮೊದಲು ಅದಕ್ಕೇ ತಾಗಿತು.

ಪರೀಕ್ಷೆಯ ಕಿಟ್ಟನ್ನು ಮೂರು ಅಂಗಡಿ ಸುತ್ತಿ ಹುಡುಕಿ ತಂದು ನೋಡಿದಾಗ, ಸೊನ್ನೆಯಿರಬೇಕಾದ ಅಮೋನಿಯ ಲೀಟರಿಗೆ 2 ಮಿಲಿಗ್ರಾಂ ಇತ್ತು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರಿನ ಪಿಎಚ್, ಅಂದರೆ ಆಮ್ಲ ಕ್ಷಾರ ಗುಣದ ಅಳತೆ, ಏಳರಿಂದ ಎಂಟಕ್ಕೆ ಏರಿದರೆ ಅದೇ ಅಮೋನಿಯದಲ್ಲಿ ನಿಜವಾಗಿ ವಿಷವಾಗಿರುವ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಬಿಸಿಲು ಏರಿದಂತೆ ಅದು ಇನ್ನೂ ಹೆಚ್ಚುತ್ತದೆ. ಮೇಲಾಗಿ, 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟನ್ನೇ ಹಿಡಿಯಬಲ್ಲದು. ಬೇಸಿಗೆಯ ಬಾಗಿಲಲ್ಲಿ, ದಿನಕ್ಕೊಮ್ಮೆ ಕರೆಂಟು ಹೋಗಿ ಏರ್ ಪಂಪು ನಿಲ್ಲುವ ಊರಿನಲ್ಲಿ, ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಬಿಳಿ ಚುಕ್ಕೆಯ ವಿಷಯಕ್ಕೆ ಬಂದರೆ, ಚಿತ್ರ ನೋಡಿದ ನನ್ನ ವಿದ್ಯಾರ್ಥಿ ನಕ್ಕರು. ಗಂಡು ಗೋಲ್ಡ್‌ಫಿಶ್‌ಗೆ ಬೆದೆಯ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆರೆಕ್ಕೆಯ ಮುಂದಿನ ಕಡ್ಡಿಯ ಮೇಲೆ ಇಂಥ ಗಂಟುಗಳು ಏಳುತ್ತವೆ. ಚಳಿ ಕಳೆದು ನೀರು ಬೆಚ್ಚಗಾದಾಗ ಅದು ಬೆಳಗಿನ ಜಾವದಲ್ಲಿ ಹೆಣ್ಣನ್ನು ಅಟ್ಟಿಸಿಕೊಂಡು ಹೋಗಿ ಹೊಟ್ಟೆಗೆ ತಿವಿಯುತ್ತದೆ. ನಿಜವಾದ ಬಿಳಿ ಚುಕ್ಕೆ ರೋಗ ಪರಾವಲಂಬಿ ಜೀವಿಯೊಂದರಿಂದ ಬರುವಂಥದು. ಅದರಲ್ಲಿ ಚುಕ್ಕೆಗಳು ಮೈ, ಬಾಲ, ರೆಕ್ಕೆ ಎನ್ನದೆ ಎಲ್ಲೆಂದರಲ್ಲಿ ಉಪ್ಪು ಉದುರಿಸಿದಂತೆ ಕಾಣುತ್ತವೆ ಮತ್ತು ಒಂದು ಮೀನಿನಿಂದ ಇನ್ನೊಂದಕ್ಕೆ ಹಬ್ಬುತ್ತವೆ. ಬೆಲ್ಲನಿಗೆ ಇದ್ದದ್ದು ರೋಗವಲ್ಲ, ಪ್ರಾಯ. ಕುಂಕುಮ ಮೈ ಉಜ್ಜಿಕೊಂಡಿರಲಿಲ್ಲ. ತಪ್ಪಿಸಿಕೊಳ್ಳಲು ಹೋಗಿ, ನಾವೇ ಚೆಂದಕ್ಕೆಂದು ಇಟ್ಟಿದ್ದ ಪಿಂಗಾಣಿ ಕೋಟೆಯ ಕಿಟಕಿಯಲ್ಲಿ ತೂರಿ ಸಿಕ್ಕಿಹಾಕಿಕೊಂಡಿತ್ತು. ಕೋಟೆಯನ್ನು ಹೊರತೆಗೆದು ನೋಡಿದಾಗ ಕಿಟಕಿಯ ಒಡೆದ ಅಂಚಿನಲ್ಲಿ ಎರಡು ಹುರುಪೆಗಳು ಇನ್ನೂ ಅಂಟಿಕೊಂಡಿದ್ದವು. ಅಲಂಕಾರದ ವಸ್ತುಗಳ ಮೇಲೆ ಹಳೆಯ ನೈಲಾನ್ ಸೀರೆಯ ತುಂಡನ್ನು ಎಳೆದು ನೋಡಬೇಕಂತೆ. ಬಟ್ಟೆಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮೀನಿನ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ. ತಮ್ಮ ಪುರವಣಿಯ ಬರಹದ ಜೊತೆ ಅಚ್ಚಾಗಿದ್ದ ಚಿತ್ರದಲ್ಲಿಯೂ ಅಂಥದೇ ಒಂದು ಕೋಟೆ ಇತ್ತು ಎಂಬುದನ್ನು ಇಲ್ಲಿ ಹೇಳದಿರಲಾರೆ.

ಆಮೇಲೆ ನಾವು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಓದುಗರಲ್ಲಿ ಯಾರಿಗಾದರೂ ಬೇಕಾಗಬಹುದು. ಮೊದಲು ಮಾಡಿದ ಕೆಲಸ ನೀರು ಬದಲಿಸಿದ್ದು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಲೀಟರಿಗೆ ಎರಡಿದ್ದದ್ದು ಒಂದಕ್ಕೂ, ಒಂದು ಅರ್ಧಕ್ಕೂ ಇಳಿಯಿತು. ಒಮ್ಮೆಲೇ ಎಲ್ಲ ನೀರನ್ನೂ ಚೆಲ್ಲಿದರೆ ಮೀನಿಗೆ ಬೇರೊಂದು ಆಘಾತವಾಗುತ್ತದೆ ಎಂಬುದು ಅರ್ಧದ ಲೆಕ್ಕಕ್ಕೆ ಕಾರಣ. ನಮ್ಮ ನಲ್ಲಿಯಲ್ಲಿ ಬರುವುದು ಕ್ಲೋರಿನ್ ಹಾಕಿದ ತುಂಗೆಯ ನೀರು. ಅದನ್ನು ನೇರವಾಗಿ ಸುರಿದರೆ ಕಿವಿರು ಸುಡುವುದಲ್ಲದೆ ಅಳಿದುಳಿದ ಬ್ಯಾಕ್ಟೀರಿಯಗಳೂ ಸಾಯುತ್ತವೆ. ಒಂದು ದಿನ ತೆರೆದ ಡ್ರಮ್ಮಿನಲ್ಲಿ ನಿಲ್ಲಿಸಿದರೆ ಕ್ಲೋರಿನ್ ಹಾರಿಹೋಗುತ್ತದೆ. ಅಷ್ಟು ಕಾಯಲು ಆಗದ ಮೊದಲ ದಿನ, ಫೋಟೋ ಸ್ಟುಡಿಯೋಗಳಲ್ಲಿ ಹಿಂದೆ ಬಳಸುತ್ತಿದ್ದ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಕೆಲಸಕ್ಕೆ ಬಂತು. ಅಂಗಡಿಗಳಲ್ಲಿ ಆಂಟಿ ಕ್ಲೋರಿನ್ ಎಂದು ಪುಟ್ಟ ಸೀಸೆಯಲ್ಲಿ ಮಾರುವುದು ಸಾಮಾನ್ಯವಾಗಿ ಇದನ್ನೇ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಫಳಫಳ ಹೊಳೆಯುವಂತೆ ತೊಳೆಯುವ ನನ್ನ ವಾರದ ಅಭ್ಯಾಸವನ್ನೂ ಅಂದೇ ಬಿಟ್ಟೆ. ಈಗ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಒಮ್ಮೆ ಹಿಂಡಿ ಹಾಗೆಯೇ ಇಡುತ್ತೇನೆ.

ಎರಡನೆಯದು ಉಪ್ಪು. ಇದು ಅಜ್ಜಿ ಮದ್ದಲ್ಲ, ಲೆಕ್ಕದ ಮಾತು. ಸಿಹಿನೀರಿನ ಮೀನಿನ ದೇಹದ್ರವದಲ್ಲಿ ಲೀಟರಿಗೆ ಸುಮಾರು 9 ಗ್ರಾಂನಷ್ಟು ಲವಣಾಂಶವಿರುತ್ತದೆ. ಸುತ್ತಲಿನ ನೀರಿನಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ನೀರು ಸದಾ ಮೈಯೊಳಗೆ ನುಗ್ಗಲು ನೋಡುತ್ತದೆ. ಅದನ್ನು ತಡೆಯುವುದು ಮೈಮೇಲಿನ ಲೋಳೆ, ಚರ್ಮ ಮತ್ತು ಹುರುಪೆ. ಇವು ಕಿತ್ತುಹೋದ ಜಾಗದಲ್ಲಿ ತಡೆಯೇ ಇಲ್ಲ. ಒಳನುಗ್ಗಿದ ನೀರನ್ನು ಹೊರಹಾಕುವುದರಲ್ಲಿಯೇ ಗಾಯಗೊಂಡ ಮೀನಿನ ಶಕ್ತಿ ಸೋರಿಹೋಗುತ್ತದೆ. ಲೀಟರಿಗೆ 1ರಿಂದ 3 ಗ್ರಾಂ ಉಪ್ಪು ಸೇರಿಸಿದರೆ ಒಳಗಿನ ಮತ್ತು ಹೊರಗಿನ ಅಂತರ ತಗ್ಗಿ ಮೀನಿಗೆ ಉಸಿರಾಡಲು ಬಿಡುವು ಸಿಗುತ್ತದೆ. ನಮ್ಮ 50 ಲೀಟರಿಗೆ 2 ಗ್ರಾಂನಂತೆ 100 ಗ್ರಾಂ ಕಲ್ಲುಪ್ಪನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬೇರೆ ಚೊಂಬಿನಲ್ಲಿ ಕರಗಿಸಿ, ಎರಡು ದಿನಗಳಲ್ಲಿ ನಾಲ್ಕು ಕಂತಾಗಿ ಹಾಕಿದೆವು. ಆವಿಯಾಗಿ ಇಳಿದ ನೀರನ್ನು ತುಂಬಿಸುವಾಗ ಉಪ್ಪು ಹಾಕಬಾರದು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಚೆಲ್ಲಿದ ನೀರಿಗೆ ಮಾತ್ರ ಲೆಕ್ಕ ಹಾಕಿ ಸೇರಿಸಬೇಕು. ಈ ಉಪ್ಪಿನಿಂದ ಬೆಲ್ಲನಿಗೂ ಉಪಕಾರವಾಯಿತು. ಎರಡನೆಯ ವಾರ ಅಮೋನಿಯ ಇಳಿದು ನೈಟ್ರೈಟ್ ಏರತೊಡಗಿತು. ನೈಟ್ರೈಟ್ ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ರಕ್ತ ಕಂದಾಗುತ್ತದೆ. ಉಪ್ಪಿನ ಕ್ಲೋರೈಡ್ ಅದು ಕಿವಿರಿನ ಮೂಲಕ ಒಳಹೋಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ತೊಟ್ಟಿಯಲ್ಲಿ ನಿಜವಾದ ಗಿಡಗಳಿದ್ದರೆ, ಹುರುಪೆಯಿಲ್ಲದ ಮೀನುಗಳಿದ್ದರೆ ಇಷ್ಟು ಉಪ್ಪು ಅವಕ್ಕೆ ಒಗ್ಗದೇ ಹೋಗಬಹುದು, ಅದನ್ನು ನೋಡಿಕೊಳ್ಳಬೇಕು.

ಇನ್ನು ಎರಡು ಮೀನುಗಳನ್ನು ಬೇರೆ ಮಾಡುವ ಪ್ರಶ್ನೆ. ಗಾಯಗೊಂಡದ್ದನ್ನು ಎತ್ತಿ ಬಕೆಟ್ಟಿನಲ್ಲಿ ಹಾಕುವುದು ಎಲ್ಲರೂ ಮಾಡುವ ಕೆಲಸ. ನನ್ನ ಮನಸ್ಸಿಗೂ ಮೊದಲು ಬಂದದ್ದು ಅದೇ. ಫಿಲ್ಟರಿಲ್ಲದ ಬಕೆಟ್ಟಿನ ಹತ್ತು ಲೀಟರಿನಲ್ಲಿ ಅಮೋನಿಯ ಏರಲು ಒಂದು ದಿನ ಸಾಕು. ಬಲೆ ಹಾಕಿ ಹಿಡಿಯುವಾಗ ಮೈಯ ಲೋಳೆ ಇನ್ನಷ್ಟು ಉಜ್ಜಿಹೋಗುತ್ತದೆ, ಒಣಗೈಯಲ್ಲಂತೂ ಮುಟ್ಟಲೇಬಾರದು. ಗೋಲ್ಡ್‌ಫಿಶ್ ಗುಂಪಿನಲ್ಲಿ ಬದುಕುವ ಮೀನು. ಆದ್ದರಿಂದ ನಾವು ಹಾರ್ಡ್‌ವೇರ್ ಅಂಗಡಿಯಿಂದ ಪ್ಲಾಸ್ಟಿಕ್ ಜಾಲರಿ ತಂದು ತೊಟ್ಟಿಯ ನಡುವೆ ಅಡ್ಡಗೋಡೆ ನಿಲ್ಲಿಸಿದೆವು. ಕತ್ತರಿಸಿದ ಜಾಲರಿಯ ಅಂಚು ಚೂಪಾಗಿ ಇನ್ನೊಂದು ಗಾಯಕ್ಕೆ ದಾರಿಯಾದೀತೆಂದು ಏರ್ ಪಂಪಿನ ಹಳೆಯ ನಳಿಗೆಯನ್ನು ಉದ್ದಕ್ಕೆ ಸೀಳಿ ಅಂಚಿಗೆಲ್ಲ ತೊಡಿಸಿದ್ದು ಮೊಮ್ಮಗಳ ಉಪಾಯ. ನೀರು ಒಂದೇ, ಉಪ್ಪು ಒಂದೇ, ಫಿಲ್ಟರು ಒಂದೇ. ಒಂದನ್ನೊಂದು ನೋಡಬಹುದು, ತಿವಿಯಲು ಆಗದು. ಬೆಲ್ಲ ಮೊದಲ ಎರಡು ದಿನ ಜಾಲರಿಯ ಉದ್ದಕ್ಕೂ ಮೇಲೆ ಕೆಳಗೆ ಸುತ್ತಿತು. ಮೂರನೆಯ ದಿನ ಕುಂಕುಮ ಮೂಲೆ ಬಿಟ್ಟು ಜಾಲರಿಯ ಹತ್ತಿರ ಬಂದು ನಿಂತಿತು. ಔಷಧ ಹಾಕಲೇಬೇಕಾದ ಸ್ಥಿತಿ ಬಂದರೆ, ಉದಾಹರಣೆಗೆ ಗಾಯದ ಮೇಲೆ ಹತ್ತಿಯಂಥ ಬೂಷ್ಟು ಬೆಳೆದರೆ, ಆಗ ಬೇರೆ ಟಬ್ಬೇ ಸರಿ. ಅದಕ್ಕೆ ತೊಟ್ಟಿಯದೇ ನೀರು ತುಂಬಿಸಿ, ಗಾಳಿ ಬಿಟ್ಟು, ದಿನಾ ಅರ್ಧ ನೀರು ಬದಲಿಸಬೇಕು. ಔಷಧ ಆ ಟಬ್ಬಿನಲ್ಲಿಯೇ ಇರಬೇಕು, ತೊಟ್ಟಿಗೆ ಬರಕೂಡದು.

ನನ್ನ ಶ್ರೀಮತಿ ಗಾಯಕ್ಕೆ ಅರಿಶಿನ ಹಚ್ಚೋಣ ಎಂದಳು. ಹೊಲದಲ್ಲಿ ಕುಡುಗೋಲು ತಾಗಿದಾಗ ಅರಿಶಿನವನ್ನೇ ಒತ್ತಿಕೊಂಡು ಬೆಳೆದವರು ನಾವಿಬ್ಬರೂ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಸಾಕಣೆ ಕೆರೆಗಳಲ್ಲಿ ಮೀನಿಗೆ ಹುಣ್ಣಿನ ರೋಗ ಬಂದಾಗ ಸುಣ್ಣದ ಜೊತೆ ಅರಿಶಿನ ಹಾಕುವ ರೂಢಿ ಇರುವುದೂ ನಿಜ. ಆದರೆ ಕೆರೆಯ ಲೆಕ್ಕವೇ ಬೇರೆ, ಎರಡಡಿ ತೊಟ್ಟಿಯ ಲೆಕ್ಕವೇ ಬೇರೆ. ಅರಿಶಿನದ ಸತ್ವ ನೀರಿನಲ್ಲಿ ಕರಗುವುದಿಲ್ಲ. ಪುಡಿ ಹೋಗಿ ಕಿವಿರಿನಲ್ಲಿ ಕೂತರೆ ಮೀನಿಗೆ ಉಸಿರು ಕಟ್ಟುತ್ತದೆ. ಡಬ್ಬಿ ಅಡುಗೆಮನೆಗೆ ವಾಪಸಾಯಿತು.

ಊಟದ ವಿಷಯದಲ್ಲಿಯೂ ಕೈ ಬಿಗಿ ಹಿಡಿಯಬೇಕಾಯಿತು. ಪಾಪ, ಪೆಟ್ಟಾಗಿದೆ ಎಂದು ನಾಲ್ಕು ಕಾಳು ಹೆಚ್ಚಿಗೆ ಹಾಕುವುದು ನಮ್ಮ ಸ್ವಭಾವ. ಮೊದಲ ಎರಡು ದಿನ ಏನೂ ಹಾಕಲಿಲ್ಲ, ಆಮೇಲೆ ದಿನಕ್ಕೊಮ್ಮೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಗಾಯದ ಅಂಚು ಐದಾರು ದಿನಕ್ಕೆ ಕಪ್ಪಗಾದಾಗ ಕೊಳೆಯುತ್ತಿದೆಯೆಂದು ಹೆದರಿದೆವು. ಗೋಲ್ಡ್‌ಫಿಶ್‌ನ ಮೈ ಮಾಯುವಾಗ ಹೀಗೆ ಕಪ್ಪು ಬಣ್ಣ ಮೂಡಿ ಕೆಲವು ವಾರಗಳಲ್ಲಿ ಮಾಸುವುದು ಸಾಮಾನ್ಯವಂತೆ. ಬಾಲದ ಸೀಳಿನ ನಡುವೆ ಗಾಜಿನಂತೆ ಪಾರದರ್ಶಕವಾದ ಹೊಸ ಪೊರೆ ಬೆಳೆಯಿತು. ಜಾಲರಿಯನ್ನು ಮೂರು ವಾರಗಳ ಮೇಲೆ, ಬೆಲ್ಲನ ಚುಕ್ಕೆಗಳು ಇಳಿದ ನಂತರ ತೆಗೆದೆವು.

ಜೊತೆಯ ಮೀನು ಯಾವುದೆಂಬುದರ ಮೇಲೆ ಎಲ್ಲ ಲೆಕ್ಕವೂ ಬದಲಾಗುತ್ತದೆ. ನಮ್ಮ ಪಕ್ಕದ ಬೀದಿಯವರ ಮನೆಯಲ್ಲಿ ಗೋಲ್ಡ್‌ಫಿಶ್ ಜೊತೆಗೆ, ಪಾಚಿ ತಿಂದು ಗಾಜು ಶುಭ್ರ ಮಾಡುತ್ತದೆ ಎಂದು ಸಕ್ಕರ್ ಮೀನನ್ನು ಬಿಟ್ಟಿದ್ದರು. ಅದು ರಾತ್ರಿ ಹೊತ್ತು ಗೋಲ್ಡ್‌ಫಿಶ್‌ನ ಮಗ್ಗುಲಿಗೇ ಅಂಟಿಕೊಂಡು ಲೋಳೆ ಹೀರುತ್ತಿತ್ತು. ಹಗಲು ನೋಡಿದವರಿಗೆ ಗಾಯ ಮಾತ್ರ ಕಾಣುತ್ತಿತ್ತು. ಅಂಥಲ್ಲಿ ಎಷ್ಟು ಉಪ್ಪು ಹಾಕಿದರೇನು? ಜೊತೆಗಾರನನ್ನು ಶಾಶ್ವತವಾಗಿ ಬೇರೆ ಮಾಡಲೇಬೇಕು. ಹಾಗೆಂದು ಅದನ್ನು ಒಯ್ದು ಕೆರೆಗೆ ಬಿಡುವುದು ಇನ್ನೂ ದೊಡ್ಡ ತಪ್ಪು. ದಕ್ಷಿಣ ಅಮೆರಿಕದ ಈ ಮೀನು ಈಗಾಗಲೇ ನಮ್ಮ ದೇಶದ ಕೆರೆ ಹೊಳೆಗಳಲ್ಲಿ ನೆಲೆಯೂರಿ ಊರಿನ ಮೀನುಗಳಿಗೆ ಕಂಟಕವಾಗಿರುವುದು ಹೀಗೆ ದಯೆ ತೋರಿದವರಿಂದಲೇ. ಟೈಗರ್ ಬಾರ್ಬಿನಂಥ ಚುರುಕಿನ ಮೀನುಗಳು ಉದ್ದ ಬಾಲದ ಮೀನುಗಳ ರೆಕ್ಕೆ ಕಚ್ಚುವುದೂ ಅಂಗಡಿಯವರಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿದ್ದೂ ಒಂದೇ ಚೀಲದಲ್ಲಿ ಕಟ್ಟಿಕೊಡುತ್ತಾರೆ.

ಒಂದು ಮೀನಿಗೆ ಇಷ್ಟೊಂದು ಉಪಚಾರವೇ ಎಂದು ಕೇಳಿದವರೂ ಇದ್ದಾರೆ. ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕಿ, ಅವು ದೇವರ ಮೀನು, ಹಿಡಿಯಬಾರದು ಎಂದು ಮಕ್ಕಳಿಗೆ ಹೇಳುವವರು ನಾವು. ಮನೆಯ ಮೀನು ಮಗುಚಿಕೊಂಡರೆ ಇನ್ನೂ ಕಿವಿರು ಆಡುತ್ತಿರುವಾಗಲೇ ಶೌಚಾಲಯಕ್ಕೆ ಹಾಕಿ ನೀರು ಬಿಡುವವರೂ ನಾವೇ. ಮೀನಿಗೆ ನೋವಿನ ಅರಿವಿಲ್ಲ ಎಂಬ ಮಾತನ್ನು ನಾನೂ ತರಗತಿಯಲ್ಲಿ ಹೇಳಿದ್ದುಂಟು. ರೇನ್‌ಬೋ ಟ್ರೌಟ್ ಮೀನಿನ ತಲೆಯಲ್ಲಿ ನೋವಿನ ಪ್ರಚೋದನೆಗೆ ಸ್ಪಂದಿಸುವ ನರತುದಿಗಳಿವೆ ಎಂಬುದನ್ನು ಲಿನ್ ಸ್ನೆಡನ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನಲ್ಲಿ ನಡೆಸಿದ ಪ್ರಯೋಗದಿಂದ 2003ರಲ್ಲಿಯೇ ತೋರಿಸಿದ್ದಾರೆ. ಕಾನೂನಿನ ಮಟ್ಟಿಗೆ ಹೇಳುವುದಾದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿ ಎಂದಿದೆ. ಸಾಕಿದವರು ಅದರ ಯೋಗಕ್ಷೇಮ ನೋಡಿಕೊಳ್ಳಬೇಕೆಂದು ಕಾಯ್ದೆಯ ಮೂರನೆಯ ಸೆಕ್ಷನ್ ಹೇಳುತ್ತದೆ. ಅಕ್ವೇರಿಯಂ ಅಂಗಡಿಗಳಿಗೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ಹೊರಡಿಸಿತ್ತು. ಮಾರಾಟಗಾರರಿಂದ ಬಹಳ ವಿರೋಧ ಬಂದು ಅವನ್ನು ಹಿಂಪಡೆಯಲಾಯಿತು. ಆ ನಿಯಮಗಳಲ್ಲಿ ಕೆಲವು ಅತಿಯಾಗಿದ್ದವು ಎಂಬುದನ್ನು ಒಪ್ಪುತ್ತೇನೆ. ಆದರೆ ಎಲ್ಲವನ್ನೂ ತೆಗೆದುಹಾಕಿ ಕೈತೊಳೆದುಕೊಂಡದ್ದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ನನ್ನ ಕೋರಿಕೆಗಳು ದೊಡ್ಡವೇನಲ್ಲ. ಮೀನು ಮಾರುವ ಪ್ರತಿ ಅಂಗಡಿಯೂ, ಆ ಜಾತಿ ಎಷ್ಟು ಬೆಳೆಯುತ್ತದೆ, ಎಷ್ಟು ನೀರು ಬೇಕು, ಯಾವುದರ ಜೊತೆ ಹಾಕಬಾರದು ಎಂಬುದನ್ನು ಕನ್ನಡದಲ್ಲಿ ಅಚ್ಚು ಮಾಡಿದ ಅಂಗೈಯಗಲದ ಒಂದು ಚೀಟಿಯನ್ನು ಚೀಲದ ಜೊತೆ ಕೊಡುವಂತೆ ಮೀನುಗಾರಿಕೆ ಇಲಾಖೆ ಕಡ್ಡಾಯ ಮಾಡಬೇಕು. ಬಣ್ಣದ ಔಷಧಕ್ಕಿಂತ ಮೊದಲು ಅಮೋನಿಯ ಪರೀಕ್ಷೆಯ ಕಿಟ್ಟು ಅಂಗಡಿಯಲ್ಲಿ ಸಿಗಬೇಕು. ಪ್ರತಿಜೈವಿಕಗಳನ್ನು ಮೀನಿನ ಹೆಸರಿನಲ್ಲಿ ಚೀಟಿಯಿಲ್ಲದೆ ಮಾರುವುದು ನಿಲ್ಲಲೇಬೇಕು. ಟೆಟ್ರಾಸೈಕ್ಲಿನ್ ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡಿ ಎಂದು ವೈದ್ಯರು ಹೇಳುವುದು ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆಂಬ ಕಾರಣಕ್ಕೆ. ಕೊಳವೆಬಾವಿಯ ಗಡಸು ನೀರು ತುಂಬಿದ ತೊಟ್ಟಿಯಲ್ಲಿಯೂ ಆಗುವುದು ಅದೇ. ಮೀನಿಗೆ ಉಪಯೋಗ ಅಷ್ಟಕ್ಕಷ್ಟೇ. ನೀರು ಬದಲಿಸಿದಾಗ ಅದು ಚರಂಡಿ ಸೇರಿ, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಬೆಳೆಸಲು ಮಾತ್ರ ನೆರವಾಗುತ್ತದೆ. ಇನ್ನು, ಬೀದರಿನ ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದಲ್ಲಿ ಈ ಎರಡೂ ವಿದ್ಯೆಗಳು ಒಂದೇ ಸೂರಿನಡಿ ಇವೆ. ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯ ವೈದ್ಯರು ಮಂಗಳೂರಿನ ಕಾಲೇಜಿನ ತಜ್ಞರನ್ನು ಫೋನಿನಲ್ಲಿ ಕೇಳಿ ಸಲಹೆ ಕೊಡುವ ಏರ್ಪಾಡಿಗೆ ಹೆಚ್ಚು ಖರ್ಚೇನೂ ತಗಲದು. ನನಗೆ ಹಳೆಯ ವಿದ್ಯಾರ್ಥಿ ಇದ್ದರು, ಎಲ್ಲರಿಗೂ ಇರುವುದಿಲ್ಲ. ತಮ್ಮ ಪುರವಣಿಯವರು ಮುಂದೆ ಇಂಥ ಬರಹ ಹಾಕುವಾಗ ಅಂಥ ತಜ್ಞರೊಬ್ಬರ ನಾಲ್ಕು ಮಾತು ಸೇರಿಸಬೇಕೆಂದೂ ವಿನಂತಿಸುತ್ತೇನೆ.

ಪಿಂಗಾಣಿ ಕೋಟೆ ಈಗ ತುಳಸಿಕಟ್ಟೆಯ ಪಕ್ಕದಲ್ಲಿದೆ. ಕುಂಕುಮನ ಬಲಮಗ್ಗುಲಲ್ಲಿ ಹೊಸ ಹುರುಪೆಗಳು ಬಂದಿವೆ, ಸಾಲು ಮಾತ್ರ ಸ್ವಲ್ಪ ಓರೆ. ಎರಡಕ್ಕೂ ಮೂರಡಿಯ ತೊಟ್ಟಿ ತಂದಿದ್ದೇವೆ. ಅರ್ಧ ಉಳಿದ ನೀಲಿ ಔಷಧದ ಬಾಟಲಿ ಮತ್ತು ಆರು ಕ್ಯಾಪ್ಸೂಲುಗಳು ನನ್ನ ಮೇಜಿನ ಖಾನೆಯಲ್ಲಿವೆ. ಚರಂಡಿಗೆ ಸುರಿಯಲು ಮನಸ್ಸು ಬರುತ್ತಿಲ್ಲ, ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಇಂಥವನ್ನು ನಮ್ಮ ಊರಿನಲ್ಲಿ ಎಲ್ಲಿ ಒಪ್ಪಿಸಬೇಕು ಎಂಬುದನ್ನು ತಿಳಿದ ಓದುಗರು ಈ ಅಂಕಣದ ಮೂಲಕ ತಿಳಿಸಿದರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ
ಶಿವಮೊಗ್ಗ